ಕುರಿಹಾಲು ಕುಡಿದ ನಾಯಿಗಳು

"ಗುರುಗಳೇ, ಪರರ ಸೀಮೆಯಲ್ಲಿ ದುಷ್ಟರು ಎದ್ದು ಜನರನ್ನು ಕೊಲ್ಲುತ್ತಿದ್ದರೆ ನಮ್ಮ ದಂಡು ಗಡಿ ದಾಟಿ ಹೋಗಬೇಕೋ, ಬೇಡವೋ?"

ಕೇಳಿದವನು ಅಡವಯ್ಯ ಎಂಬ ಶಿಷ್ಯ. ಬರೀ ತಿಳಿವಳಿಕೆಗಾಗಿ ಕೇಳಿದ್ದಲ್ಲ. ಗುಡ್ಡದ ಸಾಲಿನ ಆಚೆಗಿನ ಸೀಮೆ ಅವನು ಹುಟ್ಟಿ ಬೆಳೆದ ನೆಲ. ಅಲ್ಲಿ ಕೆಲವು ತರುಣರು ಕತ್ತಿ ಹಿಡಿದು ಎದ್ದಿದ್ದರು. ತಾವು ಹೇಳಿದ್ದೇ ಧರ್ಮ, ಒಪ್ಪದವನು ಬದುಕಬಾರದು ಎಂಬುದು ಅವರ ಮಾತು. ಹಬ್ಬ ಮಾಡಿದವರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು, ಎದುರು ಮಾತಾಡಿದ ಊರಿಗೆ ಬೆಂಕಿ ಇಡುತ್ತಿದ್ದರು. ಅಡವಯ್ಯನ ಅಕ್ಕ ಅಂಥದೇ ಒಂದು ಊರಿನಲ್ಲಿ ಗಂಡ ಮಕ್ಕಳೊಡನೆ ಸಿಕ್ಕಿಕೊಂಡಿದ್ದಳು. ಆಚೆಯ ಅರಸ ಕೋಟೆಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಈಚೆಯ ಅರಸನಿಗೆ ದಂಡು ಪೂರ್ತಿ ಇತ್ತು, ಮನಸ್ಸು ಅರ್ಧ ಇತ್ತು. ದಂಡು ಹೊರಡುವ ಮೊದಲು ಮಠದ ಮಾತು ಕೇಳುವುದು ಈ ರಾಜ್ಯದ ರೂಢಿ. ಅರಸನ ದೂತ ಬೆಳಿಗ್ಗೆಯೇ ಬಂದು ಉತ್ತರಕ್ಕಾಗಿ ಅಂಗಳದಲ್ಲಿ ಕಾಯುತ್ತಿದ್ದ.

ನಿನಗೇನು ಅನ್ನಿಸುತ್ತದೆ ಎಂದು ಗುರುಗಳು ಕೇಳಿದರು. ಹೋಗಲೇಬೇಕು, ಅವರು ಮನುಷ್ಯರೇ ಅಲ್ಲ ಎಂದ ಅಡವಯ್ಯ. ಅವರಲ್ಲಿ ಯಾರನ್ನಾದರೂ ಬಲ್ಲೆಯಾ ಎಂದು ಗುರುಗಳು ಮತ್ತೆ ಕೇಳಿದರು. ಅಡವಯ್ಯ ತಲೆ ತಗ್ಗಿಸಿದ. ಅವರ ಮುಂದಾಳು ಸಂಕಣ್ಣ ಎಂಬವನು. ಅವನೂ ತಾನೂ ಒಂದೇ ಜಗುಲಿಯ ಮೇಲೆ ಕೂತು ಮರಳಿನಲ್ಲಿ ಅಕ್ಷರ ತಿದ್ದಿದವರು, ಉಳಿದವರಲ್ಲೂ ಅರ್ಧದಷ್ಟು ಜನರನ್ನು ಹೆಸರಿನಿಂದ ಬಲ್ಲೆ ಎಂದು ಹೇಳಿದ.

"ಹಾಗಿದ್ದರೆ ಮನುಷ್ಯರೇ ಇರಬೇಕು," ಎಂದರು ಗುರುಗಳು. "ಕೂತುಕೋ. ದೂತ ಇನ್ನಷ್ಟು ಹೊತ್ತು ಕಾದರೆ ಅವನ ಗಂಟೇನೂ ಹೋಗುವುದಿಲ್ಲ."

ಆಮೇಲೆ ಈ ಕತೆ ಹೇಳಿದರು.

ಒಂದು ಹಳ್ಳದ ಆಚೆ ಒಬ್ಬ ಕುರಿಗಾರ ಇದ್ದ. ಈಚೆ ಒಬ್ಬ ಗೌಡ ಇದ್ದ. ಕುರಿಗಾರನಿಗೆ ದೊಡ್ಡ ಹಿಂಡು ಇತ್ತು, ಹಿಂಡು ಕಾಯಲು ನಾಯಿಗಳಿದ್ದವು.

ಆಚೆಯ ಕುರಿಗಾರರಲ್ಲಿ ಒಂದು ಪದ್ಧತಿ. ನಾಯಿಮರಿ ಕಣ್ಣು ಬಿಡುವ ಮೊದಲೇ ಅದನ್ನು ತಂದು, ಮರಿ ಸತ್ತ ತಾಯಿಕುರಿಯ ಕೆಚ್ಚಲಿಗೆ ಹಿಡಿಯುತ್ತಾರೆ. ಅದು ಕುರಿಯ ಹಾಲು ಕುಡಿದು, ಕುರಿಮರಿಗಳ ನಡುವೆ ಮಲಗಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ತಾನು ನಾಯಿ ಎಂಬುದು ಅದಕ್ಕೆ ಅರ್ಧ ಮರೆತೇ ಹೋಗಿರುತ್ತದೆ. ತೋಳ ಬಂದರೆ ತನ್ನ ತಾಯಿಯ ಮೇಲೆಯೇ ಬಂತೆಂದು ಮೈಮೇಲೆ ಬೀಳುತ್ತದೆ. ಮರಿಯನ್ನು ಕೆಚ್ಚಲಿಗೆ ಹಿಡಿಯುವುದು ಮನೆಯ ಹೆಂಗಸಿನ ಕೆಲಸ. ಹಿಡಿಯುವಾಗ ಅವಳು ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಆ ದನಿಗೆ, ಆ ಹೆಸರಿಗೆ ಅದು ಸಾಯುವ ತನಕ ಓಗೊಡುತ್ತದೆ ಎಂದು ಅವರ ನಂಬಿಕೆ. ಈ ಕುರಿಗಾರನ ನಾಯಿಗಳಿಗೆಲ್ಲ ಹಾಗೆ ಹೆಸರಿಟ್ಟವಳು ಅವನ ಹೆಂಡತಿ.

ಒಂದು ವರ್ಷ ಕುರಿಗಾರನಿಗೆ ಜಿಪುಣತನ ಹತ್ತಿತು. ನಾಯಿಗಳಿಗೆ ಹಾಕುವ ರೊಟ್ಟಿ ನಿಲ್ಲಿಸಿದ. ಹೆಂಡತಿ ಕೇಳಿದರೆ, ನಾಯಿಗಳಲ್ಲವೆ, ಎಲ್ಲಾದರೂ ಹುಡುಕಿ ತಿಂದುಕೊಳ್ಳುತ್ತವೆ ಎಂದ. ತಿಂದುಕೊಂಡವು. ಮೊದಲು ಸತ್ತು ಹುಟ್ಟಿದ ಒಂದು ಕುರಿಮರಿಯನ್ನು ತಿಂದವು. ಕುರಿಗಾರ ಕೋಲು ತೆಗೆದುಕೊಂಡು ಸೊಂಟ ಮುರಿಯುವ ಹಾಗೆ ಬಡಿದು ಎಲ್ಲವನ್ನೂ ಓಡಿಸಿದ. ಅವುಗಳ ತಾಯಿ, ಹಲ್ಲು ಹೋದ ಒಂದು ಮುದಿನಾಯಿ ಮಾತ್ರ ಹಟ್ಟಿ ಬಿಟ್ಟು ಹೋಗಲಿಲ್ಲ. ಉಳಿದವು ಕಲ್ಲುಗುಡ್ಡ ಸೇರಿದವು. ಕೆಂಚ ಎಂಬ ನಾಯಿ ಅವುಗಳ ಮುಂದಾಳಾಯಿತು.

ಹಸಿವಿನಿಂದ ಹೋದ ನಾಯಿಗಳು ಹಸಿವಿಗಾಗಿ ಮಾತ್ರ ತಿರುಗಿ ಬಂದಿದ್ದರೆ ಒಂದೆರಡು ಕುರಿಗೆ ಮುಗಿಯುತ್ತಿತ್ತು. ಅವು ಹಾಗೆ ಬರಲಿಲ್ಲ. ಗುಡ್ಡದಲ್ಲಿ ಅವಕ್ಕೆ ಬೇರೆ ರುಚಿ ಹತ್ತಿತ್ತು. ಬಂದಾಗಲೆಲ್ಲ ತಿನ್ನುವುದಕ್ಕಿಂತ ಹೆಚ್ಚು ಕೊಂದು ಹೋಗುತ್ತಿದ್ದವು. ಎಲ್ಲಿ ಬೇಲಿ ಸಡಿಲು, ಯಾವಾಗ ಕುರಿಗಾರ ತೂಕಡಿಸುತ್ತಾನೆ, ಎಲ್ಲವೂ ಅವಕ್ಕೆ ಗೊತ್ತು. ತೋಳಕ್ಕೆ ಗೊತ್ತಿರದ ಗುಟ್ಟು ಮನೆಯ ನಾಯಿಗೆ ಗೊತ್ತಿರುತ್ತದೆ. ಹೀಗೇ ಆದರೆ ಮುಂದಿನ ಉಣ್ಣೆ ಕತ್ತರಿಸುವ ಹೊತ್ತಿಗೆ ಹಿಂಡೇ ಇರುವುದಿಲ್ಲ ಎಂದು ಹೆಂಡತಿಗೆ ತಿಳಿದುಹೋಯಿತು.

ಅವಳು ಹಳ್ಳ ದಾಟಿ ಗೌಡನ ಮನೆಗೆ ಬಂದಳು. ಗೌಡನ ಬಳಿ ಬೇಟೆನಾಯಿಗಳಿದ್ದವು. ಉದ್ದ ಕಾಲು, ಒಣಗಿದ ಹೊಟ್ಟೆ. ಓಡುವ ಮೊಲವನ್ನು ಓಡುತ್ತಲೇ ಹಿಡಿಯುವ ಜಾತಿ.

"ಗೌಡ್ರ, ನಿಮ್ಮ ನಾಯಿ ತಗೊಂಡು ಬರ್ರಿ," ಎಂದಳು ಅವಳು. "ಆದ್ರ ಹಗ್ಗ ಬಿಡಬ್ಯಾಡ್ರಿ, ಹಿಡ್ಕೊಂಡು ನಿಂದರ್ರಿ. ಮೊದಲ ನಾ ಒಳಗ ಹೋಗಿ ಹೆಸರ ಹಿಡಿದು ಕರೀತೀನಿ. ಬಂದದ್ದು ನಂದು. ಬರಲಾರದ ಓಡಿದ್ದು ನಿಮ್ಮದು."

"ಕುರಿ ಕೊಂದ ನಾಯೀನ ಯಾರರ ಹೆಸರ ಹಿಡಿದು ಕರೀತಾರೇನವ್ವಾ?" ಎಂದು ಗೌಡ ನಕ್ಕ. "ನೀ ಮನ್ಯಾಗ ಇರು. ನಾ ನೋಡ್ಕೋತೀನಿ."

ಗೌಡ ಕೆಟ್ಟವನಲ್ಲ. ಅವಳ ಕಣ್ಣೀರು ಕಂಡು ಅವನಿಗೆ ಮರುಕ ಹುಟ್ಟಿದ್ದು ನಿಜ. ಅವನ ಕುರಿಗಳೂ ಈಚೆ ದಂಡೆಯಲ್ಲಿ ಮೇಯುತ್ತಿದ್ದವು, ಆ ನಾಯಿಗಳು ನಾಳೆ ಹಳ್ಳ ದಾಟಿದರೆ ಏನು ಗತಿ ಎಂಬ ಭಯ ಇದ್ದದ್ದೂ ನಿಜ. ಬೇಟೆನಾಯಿ ಸಾಕಿದವನಿಗೆ ಅವನ್ನು ಒಮ್ಮೆ ಬಿಟ್ಟು ನೋಡುವ ಆಸೆ ಬೇರೆ ಇರುತ್ತದೆ. ಈ ಮೂರರಲ್ಲಿ ಯಾವುದು ಎಷ್ಟು ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಯಾರೂ ಕೇಳಿಕೊಳ್ಳುವುದಿಲ್ಲ.

ಮರುದಿನ ಹಗಲು ಕೆಂಚ ತನ್ನ ಗುಂಪಿನೊಡನೆ ಹಿಂಡಿಗೆ ನುಗ್ಗಿದ. ಗೌಡ ಹಳ್ಳ ದಾಟಿ ಬಂದು ಹಗ್ಗ ಬಿಟ್ಟ. ಬೇಟೆನಾಯಿಗಳ ಬೊಗಳಾಟ ಕೇಳಿದರೂ ಗುಡ್ಡದ ನಾಯಿಗಳು ಓಡಲಿಲ್ಲ. ಹಿಂಡಿನ ನಡುವೆ ಹೋಗಿ, ಮರಿಯಾಗಿದ್ದಾಗ ಮಲಗುತ್ತಿದ್ದ ಹಾಗೆಯೇ, ಕಾಲು ಮಡಿಸಿ ಮಲಗಿಬಿಟ್ಟವು. ಕುರಿಗಳು ಅವಕ್ಕೆ ಬೆದರಲಿಲ್ಲ. ಮೈಯ ವಾಸನೆ ಪರಿಚಯದ್ದು, ಒಂದೇ ಕೆಚ್ಚಲಿನದು. ಅವು ಬೆದರಿದ್ದು ಗೌಡನ ನಾಯಿಗಳಿಗೆ. ಬೆದರಿ ದಿಕ್ಕುಪಾಲಾಗಿ ಓಡಿದವು.

ಓಡಿದ್ದನ್ನು ಹಿಡಿಯುವುದು ಬೇಟೆನಾಯಿಯ ವಿದ್ಯೆ. ಅದಕ್ಕೆ ಇನ್ನೊಂದು ವಿದ್ಯೆ ಗೊತ್ತಿಲ್ಲ. ಅವು ಕುರಿಗಳನ್ನು ಹಿಡಿದವು. ಮುದಿನಾಯಿ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು ತನ್ನ ಬೋಡುಬಾಯಿಯಲ್ಲಿ ಅವನ್ನು ತಡೆಯಲು ನೋಡಿತು. ಅದನ್ನೇ ಮೊದಲು ಸೀಳಿ ಹಾಕಿದವು. ಗೌಡ ಕೂಗಿದ, ಸಿಳ್ಳೆ ಹಾಕಿದ, ಕಲ್ಲು ಬೀಸಿದ. ಕೇಳಲಿಲ್ಲ. ಕೆಂಚನಿಂದ ಒಂದು ಸುಗ್ಗಿಯಲ್ಲಿ ಆಗದಷ್ಟು ಹಾನಿ ಗೌಡನಿಂದ ಒಂದು ಹಗಲಿನಲ್ಲಿ ಆಯಿತು. ಎಲ್ಲ ತಣ್ಣಗಾದ ಮೇಲೆ ಗುಡ್ಡದ ನಾಯಿಗಳು ಎದ್ದು, ಮೈ ಕೊಡವಿಕೊಂಡು, ತಮ್ಮ ಪಾಡಿಗೆ ಗುಡ್ಡದ ದಾರಿ ಹಿಡಿದವು.

ಇಷ್ಟು ಕೇಳಿ ಅಡವಯ್ಯ ನಿಟ್ಟುಸಿರು ಬಿಟ್ಟ. ಹಾಗಾದರೆ ಗೌಡ ಹೋಗಬಾರದಿತ್ತು, ದಂಡು ಬೇಡವೆಂದೇ ಗುರುಗಳ ಅಭಿಪ್ರಾಯ ಎಂದು ಮೇಲೇಳಲು ಹೊರಟ.

ಕತೆ ಮುಗಿಯಿತೆಂದು ನಿನಗೆ ಹೇಳಿದವರು ಯಾರು ಎಂದು ಗುರುಗಳು ಗದರಿದರು. ಅರ್ಧ ಕತೆ ಕೇಳಿ ಎದ್ದು ಹೋದವರೇ ಲೋಕಕ್ಕೆ ಬುದ್ಧಿ ಹೇಳಲು ಮೊದಲು ನಿಲ್ಲುತ್ತಾರೆ ಎಂದೂ ಅಂದರು. ಅಡವಯ್ಯ ಮತ್ತೆ ಕೂತ.

ಗೌಡನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದು ಒಳ್ಳೆಯದೇ. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ. ಇನ್ನು ಮೇಲೆ ಪರರ ಹಟ್ಟಿಗೆ ಕಾಲಿಡುವುದಿಲ್ಲ ಎಂದು ಊರ ಮುಂದೆ ಆಣೆ ಹಾಕಿದ. ಊರವರು ಅವನ ವಿವೇಕವನ್ನು ಹೊಗಳಿದರು. ಹೊಗಳಿಸಿಕೊಂಡ ಮೇಲೆ ಆಣೆ ಮುರಿಯುವುದು ಕಷ್ಟ.

ಆಚೆ ದಂಡೆಯಲ್ಲಿ ಕೆಂಚನ ಗುಂಪಿಗೆ ಧೈರ್ಯ ಹೆಚ್ಚಿತು. ಈಗ ಅವು ಗುಡ್ಡಕ್ಕೆ ಹೋಗುತ್ತಲೂ ಇರಲಿಲ್ಲ. ಹಿಂಡಿನಲ್ಲೇ ಮಲಗುವವು, ಬೇಕಾದಾಗ ಎದ್ದು ಕೊಲ್ಲುವವು. ಕುರಿಗಾರ ಗುಡಿಸಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕರೆದರೆ ಯಾವ ನಾಯಿಯೂ ತಲೆ ಎತ್ತುತ್ತಿರಲಿಲ್ಲ. ಹೊಡೆದ ಕೈ ಅವನದು.

ಹೆಂಡತಿ ಮತ್ತೆ ಹಳ್ಳ ದಾಟಿದಳು. ಗೌಡ ಹೊರಗೆ ಬರಲಿಲ್ಲ. ಆಚೆಯದು ಆಚೆಯವರಿಗೆ, ನಾನು ಬಂದು ಮಾಡಿದ್ದು ನೋಡಿದಿರಲ್ಲ ಎಂದು ಆಳಿನ ಬಾಯಲ್ಲಿ ಹೇಳಿಸಿದ.

ಅವಳು ಅಂಗಳದಲ್ಲೇ ನಿಂತು, ಒಳಗೆ ಕೇಳುವ ಹಾಗೆ ಹೇಳಿದಳು: "ಅವತ್ತ ನಾ ಹಗ್ಗ ಹಿಡ್ಕೊಂಡು ನಿಂದರ್ರಿ ಅಂದಿದ್ದೆ. ನೀವು ಬಿಟ್ರಿ. ಇವತ್ತೂ ನಿಂದರ್ರಿ ಅಂತನ ಕೇಳಾಕ ಬಂದೀನಿ. ನೀವು ಬಾಗಿಲಾ ಹಾಕ್ಕೊಂಡ್ರಿ."

ಅವಳು ಹೋದಳು.

ಮರುದಿನ ಬಿಸಿಲಿಳಿಯುವ ಹೊತ್ತಿಗೆ ಅವಳು ಬರಿಗೈಯಲ್ಲಿ ಹಿಂಡಿನ ಒಳಗೆ ನಡೆದಳು. ಕುರಿಗಳು ಸರಿದು ದಾರಿ ಬಿಟ್ಟವು. ಅವಳು ಒಂದು ಹೆಸರು ಕರೆದಳು. ಕುರಿಗಳ ನಡುವೆ ಒಂದು ತಲೆ ಎದ್ದಿತು. ಇನ್ನೊಮ್ಮೆ ಕರೆದಳು. ಆ ನಾಯಿ ಹೊಟ್ಟೆ ಎಳೆಯುತ್ತ ಬಂದು ಅವಳ ಕಾಲ ಬಳಿ ಬಿದ್ದಿತು. ಇನ್ನೊಂದು ಹೆಸರು ಕರೆದಳು. ಅದೂ ಬಂತು. ಹೀಗೆ ಒಂದೊಂದಾಗಿ ಬಂದವು. ಬೈದು ಕರೆಯಲಿಲ್ಲ, ಮುದ್ದು ಮಾಡಿಯೂ ಕರೆಯಲಿಲ್ಲ. ಊಟಕ್ಕೆ ಕರೆಯುವ ಹಾಗೆ ಕರೆದಳು.

ಕೊನೆಗೆ ಉಳಿದವನು ಕೆಂಚ. ಅವಳು ಅವನ ಹೆಸರನ್ನೂ ಕರೆದಳು. ಅವನು ಎದ್ದ. ಕಿವಿ ನಿಮಿರಿಸಿ ಕೇಳಿದ. ಬರುವವನ ಹಾಗೆಯೇ ಬಂದ. ಬಂದು ಅವಳ ಗಂಟಲು ಹಿಡಿದ.

ಉಳಿದ ನಾಯಿಗಳು ಅವನ ಮೇಲೆ ಬಿದ್ದು ಬಿಡಿಸಿದವು, ಆದರೆ ಹೊತ್ತು ಮೀರಿತ್ತು. ಕೆಂಚ ಬಯಲಿಗೆ ಬಿದ್ದು ಗುಡ್ಡದ ಕಡೆ ಓಡಿದ. ಕುರಿಗಳು ನಿಂತಲ್ಲಿಂದ ಕದಲಿರಲಿಲ್ಲ. ತಿರುಗಿ ಬಂದ ನಾಯಿಗಳು ಅವಳ ಸುತ್ತ ನಿಂತಿದ್ದವು. ಆ ಹೊತ್ತಿನಲ್ಲಿ ಇಡೀ ಬಯಲಿನಲ್ಲಿ ಓಡುತ್ತಿದ್ದದ್ದು ಅವನೊಬ್ಬನೇ.

ಗೌಡ ಈಚೆ ದಂಡೆಯಲ್ಲಿ ನಿಂತು ಇದೆಲ್ಲವನ್ನೂ ನೋಡಿದ. ಅವನ ಬೇಟೆನಾಯಿಗಳು ಅಂಗಳದ ಕಂಬಕ್ಕೆ ಕಟ್ಟಿದ ಹಗ್ಗ ಜಗ್ಗಿ ಜಗ್ಗಿ ಒದರಿದವು. ಆ ಹೊತ್ತಿನಲ್ಲಿ ಅವನು ಹಳ್ಳದ ಆಚೆ ಅವನ್ನು ಹಿಡಿದು ನಿಂತಿದ್ದು, ಕೆಂಚ ಓಡುತ್ತಲೇ ಬಿಟ್ಟಿದ್ದರೆ, ಅವು ಗುರಿ ತಪ್ಪುತ್ತಿರಲಿಲ್ಲ. ಅವಳ ಹಿಂದೆ ಹಗ್ಗ ಹಿಡಿದು ನಿಂತವರಿದ್ದಾರೆಂದು ಕಂಡಿದ್ದರೆ ಕೆಂಚ ಅವಳ ಹತ್ತಿರವೇ ಬರುತ್ತಿರಲಿಲ್ಲವೋ ಏನೋ. ಗೌಡನಿಗೆ ತನ್ನ ಆಣೆ ನೆನಪಿತ್ತು. ಅವನು ಮುರಿಯಲಿಲ್ಲ.

ಅವಳು ಅಲ್ಲಿಯೇ ಸತ್ತಳು. ಹಿಂಡು ಆ ವರ್ಷ ಉಳಿಯಿತು. ಕೆಂಚ ಗುಡ್ಡ ಸೇರಿದ. ಮುಂದಿನ ವರ್ಷ ಅವನ ಜೊತೆ ಬೇರೆ ಊರುಗಳ ಬೇರೆ ನಾಯಿಗಳಿದ್ದವು. ಅವುಗಳ ಹೆಸರು ಬಲ್ಲವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನ ಕಣ್ಣು ತುಂಬಿತ್ತು. ಅವನಿಗೆ ಅಕ್ಕನ ನೆನಪಾಗಿತ್ತು. ಆದರೆ ಮನಸ್ಸಿನ ಗಂಟು ಬಿಚ್ಚಿದ ಹಾಗೂ ಆಗಿತ್ತು. ಈಗ ತಿಳಿಯಿತು ಎಂದ. ಗೌಡ ಹೋದದ್ದು ತಪ್ಪಲ್ಲ, ಹಗ್ಗ ಬಿಟ್ಟು ಹೋದದ್ದು ತಪ್ಪು. ಎರಡನೆಯ ಸಲ ಹೋಗದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ದಂಡು ಹೋಗಲಿ, ಆದರೆ ಬಿಗಿಹಿಡಿದು ನಿಲ್ಲಲಿ. ಆ ನೆಲದ ಜನರ ಹೆಸರು ಬಲ್ಲವರು ಯಾರಾದರೂ ದಂಡಿಗಿಂತ ಮುಂದೆ, ಬರಿಗೈಯಲ್ಲಿ ಒಳಗೆ ಹೋಗಿ ಕರೆಯಲಿ. ಬಂದವರು ಬದುಕಲಿ, ಓಡಿದವರನ್ನು ಮಾತ್ರ ದಂಡು ನೋಡಿಕೊಳ್ಳಲಿ. ಅರಸನಿಗೆ ಹೀಗೆಂದೇ ಹೇಳಿ ಕಳಿಸೋಣ ಎಂದು ಉತ್ಸಾಹದಿಂದ ಎದ್ದ. ಅಂಗಳದ ದೂತನೂ ಮಾತು ಮುಗಿಯಿತೆಂದು ತಿಳಿದು, ರುಮಾಲು ಸರಿಮಾಡಿಕೊಂಡು ಬಾಗಿಲ ಬಳಿಗೆ ಬಂದು ನಿಂತ.

"ಹಾಗೆಯೇ ಹೇಳಿ ಕಳಿಸೋಣ, ಅಡವಯ್ಯ," ಎಂದರು ಗುರುಗಳು, "ಮುಂದೆ ನಡೆಯುವವರು ಯಾರು ಎಂದು ಅರಸ ಕೇಳಿದರೆ, ನಿನ್ನ ಹೆಸರು ಹೇಳಲೇ?"