ಸೂರ್ಯ ಕಾಲು ತೊಳೆದು ಮಲಗುವ ಕಡೆ

ಲೋಕ ಆಗಷ್ಟೇ ಆಗಿತ್ತು, ಮಗಾ. ನೆಲದ ಹಸಿ ಇನ್ನೂ ಆರಿರಲಿಲ್ಲ. ಗುಡ್ಡದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಬೀಳುತ್ತಿತ್ತು.

ಆಗ ಮೂಡಣ ಇರಲಿಲ್ಲ. ಪಡುವಣ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಆ ಕಡೆ, ಈ ಕಡೆ, ಅಷ್ಟೇ.

"ನಿನ್ನ ಮನೆ ಎಲ್ಲಿ?" ಅಂತ ಕಪ್ಪೆ ಕೇಳಿದರೆ ಆಮೆ "ಆ ಕಡೆ" ಅನ್ನುತ್ತಿತ್ತು. ಆಮೆ ತಿರುಗಿ ನಿಂತರೆ ಅದೇ ಮನೆ ಈ ಕಡೆ ಆಗುತ್ತಿತ್ತು. ನೆಂಟರು ಮನೆ ಮುಟ್ಟುವುದೇ ಕಷ್ಟ.

ಸೂರ್ಯನದೂ ಅದೇ ಪಾಡು. ಹಗಲೆಲ್ಲ ನಡೆಯುತ್ತಿದ್ದ. ಸಂಜೆ ಕಾಲು ಸೋತಲ್ಲಿ ಒರಗುತ್ತಿದ್ದ. ಇವತ್ತು ಗುಡ್ಡ. ನಾಳೆ ಬಯಲು. ಅವನು ಒರಗಿದಲ್ಲೆಲ್ಲ ಹುಲ್ಲು ಕರಿ. ಬೆಳಿಗ್ಗೆ ಎದ್ದು, "ಅಯ್ಯೋ, ಗೊತ್ತಾಗಲಿಲ್ಲ" ಅಂತ ತಲೆ ಕೆರೆದುಕೊಳ್ಳುತ್ತಿದ್ದ. ಕೆಟ್ಟವನಲ್ಲ. ಚಾಪೆ ಹಾಸಿಕೊಡುವವರು ಇರಲಿಲ್ಲ.

ಆ ಬಯಲಲ್ಲಿ ಒಂದು ಗೌಜಲಕ್ಕಿ ಇತ್ತು. ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ. ಒಣಹುಲ್ಲಲ್ಲಿ ಗುಳಿ ಮಾಡಿ ಮೊಟ್ಟೆ ಇಟ್ಟಿತ್ತು. ಮರಿ ಹೊರಬರುವ ಹೊತ್ತು. ಒಳಗಿಂದ ಟುಕು ಟುಕು ಸದ್ದು ಕೇಳುತ್ತಿತ್ತು.

ಸಂಜೆ ಕತ್ತೆತ್ತಿ ನೋಡಿದರೆ, ಸೂರ್ಯ ಆಕಳಿಸುತ್ತ ಅದೇ ಹುಲ್ಲಿಗೆ ಇಳಿಯುತ್ತಿದ್ದಾನೆ!

"ಏ ಮಾರಾಯಾ, ನಿಲ್ಲು!" ಗೌಜಲಕ್ಕಿ ರೆಕ್ಕೆ ಬಡಿದು ಕೂಗಿತು. "ಇಲ್ಲಿ ನನ್ನ ಮಕ್ಕಳಿದ್ದಾರೆ. ನೀನು ಒರಗಿದರೆ ಮೊಟ್ಟೆಯೊಳಗೇ ಬೆಂದು ಹೋಗುತ್ತಾರೆ."

"ಕಾಲು ನಿಲ್ಲುತ್ತಿಲ್ಲ ತಾಯಿ. ಎಲ್ಲಿಗೆ ಹೋಗಲಿ ಹೇಳು?"

"ನಾನು ಜಾಗ ಹುಡುಕಿ ಕೊಡುತ್ತೇನೆ. ಸ್ವಲ್ಪ ತಡೆದುಕೊ."

ಹಾಗಂದು ಗಂಡನ ಕಡೆ ತಿರುಗಿತು. "ನೀವು ಮೊಟ್ಟೆ ಮೇಲೆ ಕೂತಿರಿ. ಹುಳ ಕಂಡಿತು ಅಂತ ಎದ್ದು ಹೋದರೆ ನೋಡಿ!"

ಗಂಡು ಹಕ್ಕಿ ರೆಕ್ಕೆ ಹರಡಿ ಮೊಟ್ಟೆ ಮೇಲೆ ಕೂತಿತು.

ಮೊದಲು ಕೆರೆಗೆ ಹೋದರು. "ಕೆರೆಯಕ್ಕ, ಇವನಿಗೆ ಜಾಗ ಕೊಡ್ತೀಯಾ?"

ಕೆರೆ ಹೂಂ ಅನ್ನುವ ಮೊದಲೇ ಸೂರ್ಯ ಹೆಬ್ಬೆರಳು ಅದ್ದಿದ. ನೀರು ಕೊತಕೊತ ಕುದಿಯಿತು. ಕಪ್ಪೆಗಳು ದಂಡೆಗೆ ಹಾರಿದವು.

"ನಮ್ಮನ್ನು ಸಾರು ಮಾಡ್ತೀರೇನು? ನಡೀರಿ ಇಲ್ಲಿಂದ!"

ಆಮೇಲೆ ಹೊಳೆಯನ್ನು ಕೇಳಿದರು. ಹೊಳೆ ನಿಲ್ಲಲಿಲ್ಲ. ಓಡುತ್ತಲೇ ಹೇಳಿತು. "ನನಗೆ ಪುರಸೊತ್ತಿಲ್ಲ. ಅಮ್ಮನ ಮನೆಗೆ ಹೊರಟಿದ್ದೇನೆ. ನೀವೂ ಬನ್ನಿ ಬೇಕಾದರೆ. ಅಮ್ಮನ ಮನೆ ದೊಡ್ಡದು. ಎಷ್ಟು ಜನ ಬಂದರೂ ಜಾಗ ಮುಗಿಯುವುದಿಲ್ಲ."

ಹೊಳೆ ಮುಂದೆ. ಹಕ್ಕಿ ಅದರ ಹಿಂದೆ. ಸೂರ್ಯ ಕಾಲೆಳೆಯುತ್ತ ಎಲ್ಲರ ಹಿಂದೆ.

ಹೊಳೆಯ ಅಮ್ಮ ಅಂದರೆ ಕಡಲಮ್ಮ. ಬಾಗಿಲಲ್ಲೇ ನಿಂತಿದ್ದಳು. ಸೂರ್ಯನನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನೋ ಕಾಲು! ಊರ ಕೆಮ್ಮಣ್ಣೆಲ್ಲ ಮೆತ್ತಿಕೊಂಡು ಬಂದಿದ್ದೀಯ. ಮೊದಲು ಕಾಲು ತೊಳಿ. ತೊಳೆಯದೆ ನನ್ನ ಚಾಪೆ ಹತ್ತಿದೆಯೋ, ಜೋಕೆ!"

ನಿನ್ನ ಅಜ್ಜಿಯೂ ಹಾಗೇ. ನಾನು ಗದ್ದೆಯಿಂದ ಬಂದರೆ ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ತೊಳೆಯದೆ ಒಳಗಿಲ್ಲ.

ಸೂರ್ಯ ಕಾಲು ತೊಳೆದ. ಕೆಮ್ಮಣ್ಣು ಬಿಡುತ್ತ ಬಂತು. ನೀರು ಕೆಂಪಾಯಿತು. ಸಿಡಿದ ಹನಿಗೆ ಆಕಾಶವೂ ಕೆಂಪಾಯಿತು. ಕಡಲಮ್ಮನ ನೀರು ಮಾತ್ರ ಕುದಿಯಲಿಲ್ಲ. ಅಷ್ಟು ನೀರು ಅವಳಲ್ಲಿ.

ಅವಳು ಚಾಪೆ ಹಾಸಿದಳು. "ಇನ್ನು ದಿನಾ ಇಲ್ಲೇ ಪಡು" ಅಂದಳು.

ಪಡು ಅಂದರೆ ಮಲಗು, ಮಗಾ. ಹಳಬರ ಮಾತು.

ಸೂರ್ಯ ಅಂಚಿನಲ್ಲಿ ನಿಂತು ಹಿಂದೆ ಮುಂದೆ ನೋಡಿದ. ಮೆಲ್ಲಗೆ ಗೌಜಲಕ್ಕಿಯ ಕಿವಿಯಲ್ಲಿ ಹೇಳಿದ. "ಇಲ್ಲಿ ಬಹಳ ಆಳ. ಮಲಗಿದರೆ ಏಳಲಿಕ್ಕೆ ಆಗುತ್ತದಾ?"

"ನಾನು ಕೂಗುತ್ತೇನೆ. ಕೂಗಿದಾಗ ಎದ್ದು ಬಾ."

"ಮರೆಯಬೇಡ."

"ಮರೆಯುವುದಿಲ್ಲ."

ಸೂರ್ಯ ಮಲಗಿದ. ಹಕ್ಕಿ ಗೂಡಿಗೆ ಬಂತು.

ಬೆಳಗಾಗುವ ಹೊತ್ತಿಗೆ ಗೌಜಲಕ್ಕಿ ಕಡಲ ಕಡೆ ಮುಖ ಮಾಡಿ ನಿಂತು ಕೂಗಿತು. ಕಿಟ್ರ, ಕಿಟ್ರ, ಕಿಟ್ರ! ಸೂರ್ಯ ಇಲ್ಲ. ಮತ್ತೆ ಕೂಗಿತು. ಇಲ್ಲ.

"ಅಯ್ಯೋ, ನಾನೇ ಕರೆದುಕೊಂಡು ಹೋಗಿ ಮುಳುಗಿಸಿದೆನಲ್ಲ!"

"ಸಾಕು ಮಾರಾಯ್ತಿ, ಗಂಟಲು ಹರಿದೀತು" ಅಂತು ಗಂಡು ಹಕ್ಕಿ.

"ನೀವು ಸುಮ್ಮನಿರಿ."

ಮತ್ತೆ ಕೂಗಿತು. ಕಣ್ಣು ಮಾತ್ರ ಅವನು ಮಲಗಿದ ಕಡೆಗೇ. ಅತ್ತಿತ್ತ ಕದಲಲಿಲ್ಲ.

ಅಷ್ಟರಲ್ಲಿ ಟಪ್ ಅಂತ ಒಂದು ಮೊಟ್ಟೆ ಒಡೆಯಿತು. ತಲೆ ಮೇಲೆ ಚೂರು ಸಿಪ್ಪೆ ಹೊತ್ತುಕೊಂಡು ಮರಿ ಹೊರಗೆ ಇಣುಕಿತು. ಅದಕ್ಕೇನು ಗೊತ್ತು, ಯಾವ ಕಡೆ ನೋಡಬೇಕು ಅಂತ?

"ಅಮ್ಮಾ, ಅಲ್ಲಿ ಏನೋ ಮೂಡ್ತಾ ಇದೆ."

"ಸುಮ್ಮನಿರು ಮರಿ. ನಾನು ಸೂರ್ಯನ ದಾರಿ ಕಾಯುತ್ತಿದ್ದೇನೆ."

"ನಿನ್ನ ಬೆನ್ನ ಹಿಂದೆ ಅಮ್ಮಾ!"

ಹಕ್ಕಿ ತಿರುಗಿತು. ಗುಡ್ಡದ ಹಿಂದಿಂದ ಸೂರ್ಯ ಮೂಡುತ್ತಿದ್ದ. ಬಿತ್ತಿದ ಕಾಳು ಮೊಳೆತು ಬಂದ ಹಾಗೆ. ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಕೊಡದ ಹಾಗೆ ಲಕಲಕ ಹೊಳೆಯುತ್ತಿದ್ದ.

"ಎಷ್ಟು ಕೂಗ್ತೀಯೇ!" ಅಂದ. "ಮೊದಲನೇ ಕೂಗಿಗೇ ಎದ್ದಿದ್ದೆ. ಕಡಲಮ್ಮ ಬಂದ ಬಾಗಿಲಲ್ಲಿ ಬಿಡಲಿಲ್ಲ. ಈಗಷ್ಟೇ ಗುಡಿಸಿದ್ದೇನೆ, ಹಿತ್ತಿಲ ಬಾಗಿಲಿಂದ ಹೋಗು ಅಂದಳು. ನೆಲದ ಅಡಿಯಿಂದ ಸುತ್ತಿ ಬರುವಷ್ಟರಲ್ಲಿ ಇಷ್ಟು ಹೊತ್ತಾಯಿತು."

ಗೌಜಲಕ್ಕಿ ನಕ್ಕಿತು. ಅತ್ತಿತು. ಮತ್ತೆ ನಕ್ಕಿತು. ಉಳಿದ ಮೊಟ್ಟೆಗಳೂ ಒಡೆದವು.

ಅವನು ಮೂಡಿದ ಕಡೆ ಮೂಡಣ ಆಯಿತು. ಅವನು ಪಡುವ ಕಡೆ ಪಡುವಣ ಆಯಿತು. ಆಮೆ ಈಗ ನೆಂಟರಿಗೆ ಸರಿಯಾಗಿ ದಾರಿ ಹೇಳಿತು. "ಕೆರೆಯಿಂದ ಪಡುವಣಕ್ಕೆ ಬನ್ನಿ." ಬಂದರು ನೋಡು ನೆಂಟರು, ಹಿಂಡು ಹಿಂಡಾಗಿ! ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡದ್ದು ಆಗಲೇ.

"ಅಜ್ಜಾ, ಗೌಜಲಕ್ಕಿ ಈಗ ಯಾವ ಕಡೆ ನೋಡಿ ಕೂಗುತ್ತದೆ?" ಅಂತೀಯಾ?

ಮೊದಲು ಸ್ವಲ್ಪ ಹೊತ್ತು ಪಡುವಣಕ್ಕೆ ನೋಡುತ್ತದೆ. ಅಲ್ಲೇ ಅಲ್ಲವಾ ಬಿಟ್ಟು ಬಂದದ್ದು. ಆಮೇಲೆ ಮರಿಗಳು ಕರೆಯುತ್ತವೆ. ಮೂಡಣಕ್ಕೆ ತಿರುಗುತ್ತದೆ.

ಅಗೋ ನೋಡು, ಪಡುವಣದಲ್ಲಿ ಆಕಾಶ ಕೆಂಪಾಯಿತು. ಸೂರ್ಯ ಕಾಲು ತೊಳೆಯುತ್ತಿದ್ದಾನೆ. ತಂಬಿಗೆ ಬಾಗಿಲಲ್ಲೇ ಇದೆ, ನೀನೂ ತೊಳೆದು ಬಾ, ಚಾಪೆ ಹಾಸಿದ್ದೇನೆ.