ಹೆಜ್ಜೇನುಮಲೆಯ ಚೆಕ್ಕುಬಂದಿ

“ಪ್ರಭು, ಏಳು ಬೆಟ್ಟ ದಾಟಿ ಎಂಟನೆಯದರ ನೆತ್ತಿ ಹತ್ತಿ ಬಂದಿದ್ದೇನೆ. ಮನುಷ್ಯರ ಹೆಜ್ಜೆಯೇ ಬೀಳದ ನೆಲ ಅದು. ಕಂಡವರಲ್ಲಿ ನಾನೇ ಮೊದಲು!”

ಹೊಳೆಗೋಟೆಯ ದಳವಾಯಿ ಕೆಂಚರಾಜ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ದೊರೆ ಭೈರಭೂಪನಿಗೆ ಹೊಸ ನೆಲವೆಂದರೆ ಹುಚ್ಚು. ಸಿಂಹಾಸನದಿಂದ ಅರ್ಧ ಎದ್ದೇಬಿಟ್ಟ. “ಭಲೇ! ಆ ಜಾಗದ ಹೆಸರೇನು?”

“ಹೆಸರಿಡಲು ಅಲ್ಲಿ ಯಾರಿದ್ದರು, ಪ್ರಭು? ನಾನೇ ಇಟ್ಟೆ. ಕೆಂಚರಾಜಪುರ.”

ಆ ರಾಜ್ಯದಲ್ಲಿ ಹಳೆಯದೊಂದು ಕಟ್ಟಳೆಯಿತ್ತು. ಯಾರೂ ಇಲ್ಲದ ನೆಲವನ್ನು ಮೊದಲು ಕಂಡವರಿಗೇ ಅದು ಉಂಬಳಿ. ಮರುದಿನವೇ ಶಾಸನ ಬರೆಯಬೇಕೆಂದು ದೊರೆ ಅಪ್ಪಣೆ ಕೊಟ್ಟ. ಬರೆಯುವ ಕೆಲಸ ಓಬಳಯ್ಯನದು. ಅರಮನೆಯ ಓಲೆ ಕಾಗದಗಳನ್ನೆಲ್ಲ ಬರೆಯುವ ಕುಳ್ಳ ಆಳು. ಓಲೆ ಕೊರೆಯುವ ಕಬ್ಬಿಣದ ಕಂಠಕ್ಕಿಂತ ನಾಲಗೆ ಚೂಪು ಎಂದು ಹೆಸರಾದವನು.

ಸಂಜೆ ಅವನು ಮನೆಗೆ ಹೊರಟಾಗ ಹೆಬ್ಬಾಗಿಲಲ್ಲಿ ಮುದುಕಿಯೊಬ್ಬಳು ಕಾವಲಿನವರ ಜೊತೆ ಜಗಳಕ್ಕೆ ನಿಂತಿದ್ದಳು.

“ದೊರೇನ ನೋಡದೆ ನಾನು ಹೋಗಲ್ಲ. ಒಂಬತ್ತು ದಿನ ನಡೆದು ಬಂದಿದೀನಿ.”

“ಯಾವ ಊರು, ಅಜ್ಜಿ?” ಎಂದ ಓಬಳಯ್ಯ.

“ಹೆಜ್ಜೇನುಮಲೆ. ಎಂಟನೇ ಬೆಟ್ಟದ ಮೇಲೆ. ನಾನು ಕೇತಮ್ಮ, ಆ ಊರಿನ ಯಜಮಾನಿ.”

ಓಬಳಯ್ಯನ ಕಿವಿ ನೆಟ್ಟಗಾಯಿತು. “ಎಂಟನೆಯ ಬೆಟ್ಟದ ಮೇಲೆ ಊರಿದೆಯಾ?”

“ಮೂವತ್ತು ಒಲೆ ಉರಿಯೋ ಊರು ಕಣಪ್ಪ. ನಮ್ಮಜ್ಜಿಯ ಅಜ್ಜಿ ಕಾಡು ಸವರಿ ಕಟ್ಟಿದ್ದು. ನಿಮ್ಮ ದಳವಾಯಿ ಬಂದ, ಹದಿನೈದು ದಿನ ನಮ್ಮಲ್ಲೇ ಉಂಡ. ಹೊರಡೋವಾಗ, ‘ಯುಗಾದಿಯೊಳಗೆ ಜಾಗ ಖಾಲಿ ಮಾಡಿ, ಇಲ್ಲ ಅಂದ್ರೆ ಗುಡಿಸಲಿಗೆ ಬೆಂಕಿ’ ಅಂದ. ನನ್ನ ಸೊಸೆ ತುಂಬಿದ ಬಸುರಿ. ಎಲ್ಲಿಗೆ ಕರ್ಕೊಂಡು ಹೋಗ್ಲಿ?”

ಓಬಳಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಳವಾಯಿ ಸುಳ್ಳುಗಾರನೆಂದು ನೇರವಾಗಿ ಹೇಳಿದರೆ ತನ್ನ ತಲೆ ಉಳಿಯದು. ಅಜ್ಜಿಯ ಮಾತನ್ನು ನಂಬುವವರೂ ಇಲ್ಲ. ದಳವಾಯಿಯ ಬಾಯಿಂದಲೇ ನಿಜ ಹೊರಡಬೇಕು.

“ಬಾ ಅಜ್ಜಿ, ನಮ್ಮ ಮನೆಯಲ್ಲಿ ಊಟ ಮಾಡು. ನಾಳೆ ಮತ್ತೆ ಇಲ್ಲೇ ಬಂದು ನಿಲ್ಲು. ದೊರೆಯೇ ಕರೆಸುತ್ತಾರೆ.”

ಮರುದಿನ ಸಭೆಯಲ್ಲಿ ಓಬಳಯ್ಯ ಓಲೆ ಬಿಡಿಸಿ ಕುಳಿತ.

“ದಳವಾಯಿಗಳೇ, ಚೆಕ್ಕುಬಂದಿ ಹೇಳಬೇಕು. ನಾಲ್ಕು ದಿಕ್ಕಿಗೂ ಗಡಿಯ ಗುರುತು ಬರೆಯದಿದ್ದರೆ ಶಾಸನ ನಿಲ್ಲುವುದಿಲ್ಲ. ನೋಡಿ ಹೇಳಿ, ಒಳ್ಳೆಯ ಜಾಗ ಹೊರಗೆ ಉಳಿದುಬಿಟ್ಟೀತು.”

ಒಂದು ಗೇಣು ನೆಲವನ್ನೂ ಬಿಡುವ ಮನಸ್ಸು ದಳವಾಯಿಗಿರಲಿಲ್ಲ. “ಬರೆದುಕೊಳ್ಳಿ. ಮೂಡಲಿಗೆ ಹಳ್ಳ. ಅದರ ಮೇಲಿನ ಬಿದಿರಿನ ಸಂಕವೂ ಸೇರಿ.”

“ಸೇರಿಸಿದೆ. ತೆಂಕಲಿಗೆ?”

“ರಾಗಿ ಹೊಲ. ಏನು ಸಾಲು, ಏನು ತೆನೆ!”

“ಪಡುವಲಿಗೆ?”

“ಹಲಸಿನ ತೋಪು. ಸುತ್ತ ಗಟ್ಟಿ ಮುಳ್ಳುಬೇಲಿ.”

“ಬಡಗಲಿಗೆ?”

“ದೊಡ್ಡ ಒರಳುಕಲ್ಲು.”

ಓಬಳಯ್ಯ ಕಂಠ ಕೆಳಗಿಟ್ಟು ಎರಡೂ ಕೈ ಮುಗಿದ. “ಎಂಥ ನೆಲ, ಪ್ರಭು! ಮನುಷ್ಯರೇ ಇಲ್ಲದೆ ರಾಗಿ ಸಾಲು ಹಿಡಿದು ಬಿತ್ತಿಕೊಳ್ಳುತ್ತದೆ. ಸಂಕ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ದನ ನುಗ್ಗೀತೆಂದು ಹಲಸಿನ ಮರಗಳೇ ಬೇಲಿ ಹಾಕಿಕೊಂಡಿವೆ. ಆ ಒರಳು ಒಂಟಿಯಾಗಿ ಏನು ರುಬ್ಬುತ್ತದೋ, ಯಾರಿಗೆ ಬಡಿಸುತ್ತದೋ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಹುಬ್ಬು ಗಂಟಾಯಿತು.

“ಕೆಂಚರಾಜ, ಇದನ್ನೆಲ್ಲ ಮಾಡಿದ್ದು ಯಾರು?”

ದಳವಾಯಿಯ ಹಣೆಯಲ್ಲಿ ಬೆವರೊಡೆಯಿತು. “ಅದು... ವನದೇವತೆಗಳು, ಪ್ರಭು. ಹೌದು, ವನದೇವತೆಗಳೇ! ಮನುಷ್ಯರಂತೂ ಅಲ್ಲ.”

“ಶಾಸನದಲ್ಲಿ ಹಾಗೇ ಬರೆಯಲೇ?” ಎಂದ ಓಬಳಯ್ಯ.

“ಬರೆಯಿರಿ! ನನ್ನ ಕತ್ತಿಯಾಣೆ!”

“ಸರಿ. ಪ್ರಭು, ಹಾಗಿದ್ದರೆ ದೊಡ್ಡ ಅಪಚಾರವಾಗಿದೆ. ಆ ದೇವತೆಗಳಲ್ಲಿ ಹಿರಿಯವಳು ನಿನ್ನೆಯಿಂದ ನಮ್ಮ ಹೆಬ್ಬಾಗಿಲಿಗೆ ಬರುತ್ತಿದ್ದಾಳೆ. ಕಾವಲಿನವರು ಒಳಗೆ ಬಿಡುತ್ತಿಲ್ಲ.”

“ದೇವತೆಯನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರೆಯೇ?” ದೊರೆ ದಡಬಡಿಸಿ ಎದ್ದ. “ಕರೆತನ್ನಿ, ಬೇಗ!”

ಹೆಗಲಿಗೆ ಹಳೆಯ ಕಂಬಳಿ ಹಾಕಿಕೊಂಡು, ಕೋಲೂರುತ್ತ ಕೇತಮ್ಮ ಬಂದಳು. ಸಿಂಹಾಸನದ ಕಡೆ ಅವಳ ಕಣ್ಣು ಹೋಗಲೇ ಇಲ್ಲ. ದಳವಾಯಿಯನ್ನು ಕಂಡವಳೇ ನೆಟ್ಟಗೆ ಹೋಗಿ ಅವನ ಹಣೆ ಮುಟ್ಟಿ ನೋಡಿದಳು.

“ಜ್ವರ ಪೂರಾ ಬಿಟ್ಟಿತಾ, ಮಗಾ? ಅವತ್ತು ನಾನು ಗಂಜಿ ಕುಡಿಸೋವಾಗ ಮೈಯೆಲ್ಲ ಕೆಂಡ ಆಗಿತ್ತಲ್ಲ!”

ಸಭೆಗೆ ಸಭೆಯೇ ಗೊಳ್ಳೆಂದಿತು. ದಳವಾಯಿ ತಲೆ ಎತ್ತಲಿಲ್ಲ.

ಕೇತಮ್ಮ ಮಾತ್ರ ನಗಲಿಲ್ಲ. “ಗಂಜಿ ಹಾಕಿದ್ದಕ್ಕೆ ನಮಗೇನೂ ಬೇಜಾರಿಲ್ಲ. ಕಾಯಿಲೆ ಬಿದ್ದವರನ್ನ ಯಾರಾದ್ರೂ ನೋಡ್ಕೋತಾರೆ. ಎದ್ದು ಕೂತವನು ಊರು ಬಿಡಿ ಅಂದನಲ್ಲ, ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ.”

ನಗು ಅಲ್ಲಿಗೇ ನಿಂತಿತು. ದೊರೆ ಕೆಳಗಿಳಿದು ಬಂದು ಓಲೆಯನ್ನು ತನ್ನ ಕೈಯಾರೆ ಹರಿದ.

“ಓಬಳಯ್ಯ, ಹೊಸ ಶಾಸನ ಬರಿ. ಅದೇ ಚೆಕ್ಕುಬಂದಿ ಇರಲಿ. ಹೆಸರು ಮಾತ್ರ ಹೆಜ್ಜೇನುಮಲೆಯ ಮೂವತ್ತು ಮನೆಯವರದು. ಅಜ್ಜಿಯನ್ನು ಪಲ್ಲಕ್ಕಿಯಲ್ಲಿ ಊರಿಗೆ ಮುಟ್ಟಿಸಿ. ಮುಂದಿನ ಕೊಂಬಿಗೆ ಕೆಂಚರಾಜ ಹೆಗಲು ಕೊಡಲಿ. ಅವನಿಗೆ ದಾರಿ ಚೆನ್ನಾಗಿ ಗೊತ್ತು.”

ಮತ್ತೆ ಕುಳಿತಾಗ ದೊರೆಯ ಮುಖ ಬಾಡಿತ್ತು. “ಅಂತೂ ದಳವಾಯಿ ಎರಡು ತಿಂಗಳು ಅಲೆದರೂ ಹೊಸದೇನನ್ನೂ ಕಂಡುಹಿಡಿದ ಹಾಗಾಗಲಿಲ್ಲ.”

“ಯಾಕಾಗಲಿಲ್ಲ, ಪ್ರಭು?” ಓಬಳಯ್ಯ ಕೇತಮ್ಮನ ಕಡೆ ತಿರುಗಿದ. “ಅಜ್ಜಿ, ಹೊಳೆಗೋಟೆ ಅಂತ ಒಂದು ಊರಿದೆ, ಅಲ್ಲೊಬ್ಬ ದೊರೆ ಇದ್ದಾರೆ ಅಂತ ನಿಮ್ಮ ಮಲೆಯವರಿಗೆ ಮೊದಲೇ ಗೊತ್ತಿತ್ತಾ?”

“ದಳವಾಯಿ ಬಾಯಲ್ಲಿ ಕೇಳಿದ್ದಷ್ಟೇ ಕಣಪ್ಪ. ಅದಕ್ಕೂ ಮುಂಚೆ ಯಾರು ಕಂಡಿದ್ರು? ನಮ್ಮವರಲ್ಲಿ ಇಲ್ಲಿಗೆ ಬಂದವಳು ನಾನೇ ಮೊದಲು.”

ಓಬಳಯ್ಯ ದೊರೆಯ ಹತ್ತಿರ ಬಗ್ಗಿ ದನಿ ತಗ್ಗಿಸಿದ. “ಕೇಳಿದಿರಾ, ಪ್ರಭು? ಹೊಳೆಗೋಟೆಯನ್ನು ಅಜ್ಜಿ ಕಂಡುಹಿಡಿದುಬಿಟ್ಟಿದ್ದಾಳೆ. ನಮ್ಮ ಕಟ್ಟಳೆ ಅವಳ ಕಿವಿಗೆ ಬೀಳುವ ಮೊದಲೇ ಪಲ್ಲಕ್ಕಿ ಹತ್ತಿಸೋಣ. ಇಲ್ಲದಿದ್ದರೆ ಅರಮನೆಯನ್ನೂ ಸೇರಿಸಿ ಉಂಬಳಿ ಕೇಳಿಯಾಳು!”

ಭೈರಭೂಪ ನಕ್ಕ ನಗುವಿಗೆ ಕಿರೀಟ ಜಾರಿ ಮಡಿಲಿಗೆ ಬಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು, ತೋಳಿನ ಬಂಗಾರದ ಕಡಗ ಬಿಚ್ಚಿ ಓಬಳಯ್ಯನ ಕೈಗೆ ಹಾಕಿದ.