ನವಿಲುದೋಟ ಕೇಳಿದ ಬಾಳವ್ವ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ಅರ್ಧ ಮೀಸೆ ಬೋಳಿಸಿಕೊಂಡು ಸಂತೆಗೆ ಬರುತ್ತೇನೆ.

ಗಜಗೋಟೆಯ ರಾಜ ಡಂಗುರ ಸಾರಿಸಿದ: "ಕೇಳ್ರಪ್ಪೋ ಕೇಳ್ರಿ! ಕೋಟೆಯೊಳಗೆ ಜಾಗ ಸಾಲದು. ಮೂರು ಒಗಟು ಬಿಡಿಸಿದವರಿಗೆ ಕೇಳಿದ ಜಾಗ, ತಪ್ಪಿದವರ ತಲೆ ದಂಡ. ಏಳು ದಿನದಲ್ಲಿ ಯಾರೂ ಬಿಡಿಸದಿದ್ದರೆ ಕೌದಿಕೇರಿ ಕೆಡವಿ ಅರಮನೆಯ ನವಿಲುದೋಟ ದೊಡ್ಡದು ಮಾಡಲಾಗುವುದು!"

ಜಾಗ ಸಾಲದ್ದು ನಿಜವೇ. ಒಬ್ಬ ಬೆನ್ನು ತುರಿಸಿಕೊಂಡರೆ ಪಕ್ಕದ ಮನೆಯವನಿಗೆ ಹಿತವಾಗುತ್ತಿತ್ತು.

ಮೊದಲು ಹೋದವನು ಸರದಾರ ರಣಭೀಮ. "ನೆಲ ಮುಟ್ಟದ ಹೊಲ, ಎತ್ತು ಹತ್ತದ ಹೊಲ, ಊರಿನಷ್ಟೇ ಅಗಲ. ಯಾವುದು?" ಎಂದ ರಾಜ. "ಆಕಾಶ!" ಎಂದ ಸರದಾರ. ತಲೆ ಹೋಯಿತು.

ಆಮೇಲೆ ಸಾಹುಕಾರ ಚನ್ನಸೆಟ್ಟಿ. ಅವನಿಗೆ ಎರಡನೆಯ ಒಗಟು ಮೊದಲು ಬಂತು: "ಒಂದೇ ತುಂಡು ನೆಲ, ನಾಲ್ವರು ಒಡೆಯರು. ಹಂಚಿಕೊಂಡಿಲ್ಲ, ಜಗಳವೂ ಇಲ್ಲ."

"ಅಪ್ಪನ ಆಸ್ತಿ."

"ಜಗಳವಿಲ್ಲದ ಅಪ್ಪನ ಆಸ್ತಿಯೇ!" ಎಂದು ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವ ಮೊದಲೇ ಸೆಟ್ಟಿಯ ತಲೆಯೂ ಹೋಯಿತು.

ಏಳನೆಯ ದಿನ ಕೌದಿಕೇರಿಯ ಬಾಳವ್ವ ಕೇರಿಯ ಅಂಗಳದಲ್ಲಿ ಹಳೇ ಸೀರೆ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಅರಮನೆಯ ಆಳುಗಳು ಬಂದು, ಕೆಡವುವ ಗುರುತಿಗೆಂದು ಆ ಅರ್ಧ ಕೌದಿಯ ಮೇಲೇ ಸುಣ್ಣದ ಗೆರೆ ಎಳೆದರು. ಅವಳ ನೆತ್ತಿಗೆ ಬೆಂಕಿ ಹತ್ತಿತು. ದಬ್ಬಣ ಹಿಡಿದೇ ಅರಮನೆಗೆ ನಡೆದಳು. ಕೇರಿಯ ಹೆಂಗಸರೆಲ್ಲ ಹಿಂದೆ ಬಂದರು.

"ಚಿಂದಿ ಹೊಲಿಯುವವಳಿಗೆ ಒಗಟೇ?" ಎಂದ ಮಂತ್ರಿ.

"ಚಿಂದಿ ಬಿಸಾಡದವರಿಗೇ ಜಾಗದ ಬೆಲೆ ಗೊತ್ತು, ಸ್ವಾಮಿ. ಎರಡು ಒಗಟು ಊರಿಗೆಲ್ಲ ಗೊತ್ತಾಗಿವೆ. ಮೊದಲನೆಯದು ಮನೆಗಳ ಮಾಳಿಗೆ. ನಾವು ಅಲ್ಲೇ ಮಣ್ಣು ಹರವಿ ಹೀರೆ, ಸೊಪ್ಪು ಬೆಳೆಯುತ್ತೇವೆ. ಎರಡನೆಯದು ನೀವು ಗೆರೆ ಎಳೆಸಿದ ನಮ್ಮ ಅಂಗಳ. ಬೆಳಗ್ಗೆ ತರಕಾರಿ ಮಾರುವವರದು, ಮಧ್ಯಾಹ್ನ ಹೊಲಿಯುವವರದು, ಸಂಜೆ ಮಕ್ಕಳದು, ರಾತ್ರಿ ಮಲಗುವವರದು. ನೆಲವನ್ನಲ್ಲ, ಹೊತ್ತನ್ನು ಹಂಚಿಕೊಂಡಿದ್ದೇವೆ."

ರಾಜ ಮುಂದಕ್ಕೆ ಬಾಗಿದ. "ಎಷ್ಟು ದೊಡ್ಡದಾದರೂ ಒಬ್ಬನಿಗೇ ಸಾಲದ ಜಾಗ ಯಾವುದು?" ಅವನ ಮನಸ್ಸಿನಲ್ಲಿದ್ದ ಉತ್ತರ, ತನ್ನ ಕೀರ್ತಿಗೆ ಸಾಲದ ಭೂಮಂಡಲ.

"ಈ ಅರಮನೆ," ಎಂದಳು ಬಾಳವ್ವ. "ನೂರು ಕೋಣೆ, ಮಲಗುವವರು ತಾವೊಬ್ಬರು."

"ತಪ್ಪು! ಎಳೆಯಿರಿ ಇವಳನ್ನು!"

"ತಪ್ಪೇ? ಹಾಗಾದರೆ ಅರಮನೆ ತಮಗೆ ಸಾಲುತ್ತದೆ ಅಂತಾಯಿತು. ತಲೆ ತೆಗೆಯಿರಿ, ಆದರೆ ಕೇರಿ ಯಾಕೆ ಬೇಕು ಹೇಳಿ!"

ರಾಜ ಹೂಂ ಎಂದರೂ ಸೋಲು, ಉಹೂಂ ಎಂದರೂ ಸೋಲು. ರಾಜನಿಗೆ ನಾಚಿಕೆಯಾಯಿತು. "ಸರಿಯಾಗಿದೆ. ನಿನ್ನ ಕೇರಿ ನಿನಗೇ ಬಹುಮಾನ, ಹೋಗು."

"ನಮ್ಮ ಮನೆಯನ್ನು ನಮಗೇ ಬಹುಮಾನ ಕೊಡುತ್ತೀರಾ? ಅದು ಮೊದಲೇ ನಮ್ಮದು. ಕೇಳಿದ ಜಾಗ ಎಂದಿರಲ್ಲ, ನವಿಲುದೋಟ ಕೊಡಿ."

ಕೊಟ್ಟ. ಈಗ ಅಲ್ಲಿ ಇನ್ನೂರು ಮನೆ, ಮಾಳಿಗೆ ತುಂಬ ಹೀರೆಬಳ್ಳಿ, ಬಳ್ಳಿಯ ನಡುವೆ ನವಿಲುಗಳೂ ಇವೆ.

ಇರಲಿ, ಒಂದು ಸಣ್ಣ ವಿಷಯ ಒಪ್ಪಿಕೊಳ್ಳುತ್ತೇನೆ. ರಾಜನಿಗೆ ನಾಚಿಕೆಯಾಯಿತು ಎಂದೆನಲ್ಲ, ಅದು ನಾನು ಸೇರಿಸಿದ್ದು. ಹಿಂದೆ ಮುನ್ನೂರು ಹೆಂಗಸರು ದಬ್ಬಣ ಹಿಡಿದು ನಿಂತಿದ್ದರು, ಅದು ನಿಜ.